ಹೊಸ ಗಾಡಿ ನಿಮ್ಮ ಪೋರ್ಚಿನಲ್ಲಿ ಹಿಡಿಯುತ್ತಾ? ಬುಕ್ ಮಾಡುವ ಮೊದಲು ಅಳೆದು ನೋಡುವ ಬಗೆ

ಶೋರೂಮಿನಲ್ಲಿ ಎಲ್ಲ ಗಾಡಿಯೂ ಸಣ್ಣದಾಗಿಯೇ ಕಾಣುತ್ತದೆ. ಮೇಲೆ ಎತ್ತರದ ಛಾವಣಿ, ಎದುರಿಗೆ ಉದ್ದಕ್ಕೂ ಗಾಜು, ಸುತ್ತ ಓಡಾಡಲು ಬೇಕಾದಷ್ಟು ಜಾಗ. ಅದೇ ಗಾಡಿಯನ್ನು ಬ್ರಹ್ಮಪುರದ ಗಲ್ಲಿಯಲ್ಲೋ ಶಹಾಬಜಾರಿನ ಹಳೇ ಮನೆ ಎದುರೋ ತಂದು ನಿಲ್ಲಿಸಿ ನೋಡಿ, ರಾತ್ರೋರಾತ್ರಿ ಅಡ್ಡಡ್ಡ ಬೆಳೆದ ಹಾಗಿರುತ್ತದೆ. ಕಲಬುರಗಿಯ ಹೊಸ ಬಡಾವಣೆಗಳಲ್ಲೂ ಕಥೆ ಅಷ್ಟೇನೂ ಬೇರೆ ಇಲ್ಲ. ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆ 30×40 ಸೈಟಿನಲ್ಲಿ ಎದ್ದ ಎಷ್ಟೋ ಮನೆಗಳ ಪೋರ್ಚು ಆಲ್ಟೊ, ವ್ಯಾಗನ್ ಆರ್ ಕಾಲದ ಲೆಕ್ಕದ್ದು. ಈಗ ಆ ಮನೆಗಳಿಗೆ ಬರುತ್ತಿರುವುದು ಕ್ರೆಟಾ, ಸ್ಕಾರ್ಪಿಯೊ.

ಹೆಚ್ಚಿನವರು ಪೋರ್ಚಿಗೆ ಟೇಪು ಹಿಡಿಯುತ್ತಾರೆ, ಬ್ರೋಶರ್ ನೋಡುತ್ತಾರೆ, "ಆಯ್ತು, ಹಿಡೀತದ" ಅಂದುಕೊಂಡು ಬುಕ್ ಮಾಡಿಬಿಡುತ್ತಾರೆ. ಅದು ಕಾಲುಭಾಗ ಕೆಲಸ ಅಷ್ಟೇ. ಗಾಡಿ ಒಳಗೆ ಹಿಡಿಯುವುದು ಒಂದು ಪ್ರಶ್ನೆ. ರಸ್ತೆಯಿಂದ ತಿರುಗಿ ಗೇಟು ದಾಟಿ ಒಳಗೆ ಬರುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಬಂದ ಮೇಲೆ ಗೇಟು ಮುಚ್ಚಿ, ಬಾಗಿಲು ತೆಗೆದು, ಮನೆಯ ಹಿರಿಯರನ್ನು ಇಳಿಸಿಕೊಳ್ಳಲು ಆಗುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಫೇಲ್ ಆಗುವವರು ಕಡಿಮೆ. ಜನ ಒದ್ದಾಡುವುದು ಉಳಿದ ಎರಡರಲ್ಲಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. 5 ಮೀಟರಿನ ಸ್ಟೀಲ್ ಟೇಪು, ಒಂದು ಉದ್ದನೆಯ ಬಿದಿರು ಅಥವಾ ಪಿವಿಸಿ ಪೈಪು, ರಂಗೋಲಿ ಪುಡಿ, ನಾಲ್ಕೈದು ಇಟ್ಟಿಗೆ, ಜೊತೆಗೊಬ್ಬರು. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಇಲ್ಲದಿದ್ದರೆ ಅಳತೆ ಸೊಟ್ಟಗಾಗುತ್ತದೆ, ಒಬ್ಬರೇ ಮಾಡಬೇಡಿ.

ಮೊದಲು ಗಾಡಿಯ ಅಂಕಿ ಬರೆದುಕೊಳ್ಳಿ

ಆರು ಅಂಕಿ ಬೇಕು: ಉದ್ದ, ಅಗಲ, ಎತ್ತರ, ವೀಲ್‌ಬೇಸ್ (ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಉದ್ದ), ಗ್ರೌಂಡ್ ಕ್ಲಿಯರೆನ್ಸ್ (ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ), ಟರ್ನಿಂಗ್ ರೇಡಿಯಸ್ (ಸ್ಟೇರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆದಾಗ ಆಗುವ ವೃತ್ತದ ಅರ್ಧ ಅಗಲ). ಬ್ರೋಶರಿನಲ್ಲಿ ಇವು ಹೆಚ್ಚಾಗಿ ಮಿಲಿಮೀಟರಿನಲ್ಲಿ ಇರುತ್ತವೆ (ಟರ್ನಿಂಗ್ ರೇಡಿಯಸ್ ಮಾತ್ರ ಮೀಟರಿನಲ್ಲಿ), ನಮ್ಮ ಮೇಸ್ತ್ರಿ ಮನೆ ಕಟ್ಟಿದ್ದು ಅಡಿಯಲ್ಲಿ. ಮಿಲಿಮೀಟರನ್ನು 304.8ರಿಂದ ಭಾಗಿಸಿದರೆ ಅಡಿ ಸಿಗುತ್ತದೆ. ಒಂದು ಅಂದಾಜಿಗೆ: ವ್ಯಾಗನ್ ಆರ್ 3655 ಮಿ.ಮೀ. ಉದ್ದ, 1620 ಅಗಲ, ಅಂದರೆ 12 ಅಡಿ ಉದ್ದ, 5 ಅಡಿ 4 ಇಂಚು ಅಗಲ. ಸ್ವಿಫ್ಟ್ 12 ಅಡಿ 8 ಇಂಚು ಉದ್ದ, 5 ಅಡಿ 8 ಇಂಚು ಅಗಲ. ಕ್ರೆಟಾ 4330ಕ್ಕೆ 1790, ಅಂದರೆ 14 ಅಡಿ ಎರಡೂವರೆ ಇಂಚು ಉದ್ದ, 5 ಅಡಿ ಹತ್ತೂವರೆ ಇಂಚು ಅಗಲ. ಇನ್ನೋವಾ ಕ್ರಿಸ್ಟಾ ಹದಿನೈದೂವರೆ ಅಡಿ ಉದ್ದ, 6 ಅಡಿ ಅಗಲ. ಸ್ಕಾರ್ಪಿಯೊ-ಎನ್ ಉದ್ದದಲ್ಲಿ ಕ್ರಿಸ್ಟಾಗಿಂತ ಸ್ವಲ್ಪ ಕಡಿಮೆ, ಅಗಲ ಮಾತ್ರ 1917 ಮಿ.ಮೀ., ಅಂದರೆ 6 ಅಡಿ ಮೂರೂವರೆ ಇಂಚು.

"ನಾಲ್ಕು ಮೀಟರ್ ಒಳಗಿನ ಗಾಡಿ, ಸಣ್ಣದೇ ಬಿಡಿ" ಅನ್ನುವ ಮಾತು ಕೇಳಿರುತ್ತೀರಿ. ಡಿಸೈರ್, ನೆಕ್ಸಾನ್, ಬೊಲೆರೊ ಮೂರೂ 3995 ಮಿ.ಮೀ. ಉದ್ದ ಇವೆ. ಕಾರಣ ತೆರಿಗೆ. 4000 ಮಿ.ಮೀ. ಮೀರಿದರೆ ಸಣ್ಣ ಕಾರಿನ ದರ ಸಿಗುವುದಿಲ್ಲ, ಅದಕ್ಕೆ ಕಂಪನಿಯವರು 5 ಮಿ.ಮೀ. ಬಿಟ್ಟು ನಿಲ್ಲಿಸುತ್ತಾರೆ. ಆದರೆ ಅಗಲಕ್ಕೆ ಅಂಥ ಮಿತಿ ಇಲ್ಲ. ಡಿಸೈರ್ 1735 ಇದ್ದರೆ ನೆಕ್ಸಾನ್ 1804. ಹತ್ತಿರ ಹತ್ತಿರ 3 ಇಂಚು ವ್ಯತ್ಯಾಸ. ಬಿಗಿಯಾದ ಗೇಟಿನಲ್ಲಿ ಆ 3 ಇಂಚೇ ಗೀರು ಬೀಳುವುದಕ್ಕೂ ಬೀಳದೇ ಇರುವುದಕ್ಕೂ ಇರುವ ಅಂತರ.

ಇನ್ನೊಂದು ಮುಖ್ಯ ವಿಷಯ. ಬ್ರೋಶರಿನ ಅಗಲದಲ್ಲಿ ಸೈಡ್ ಮಿರರ್ ಸೇರಿರುವುದಿಲ್ಲ. ಅದು ಬರೀ ಬಾಡಿಯ ಅಗಲ. ಶೋರೂಮಿಗೆ ಹೋದಾಗ ಎಡ ಮಿರರಿನ ತುದಿಯಿಂದ ಬಲ ಮಿರರಿನ ತುದಿವರೆಗೆ ನೀವೇ ಅಳೆಯಿರಿ. ಸೇಲ್ಸ್ ಹುಡುಗ ಒಂದು ಥರ ನೋಡಬಹುದು, ನೋಡಲಿ. ಗಾಡಿ ಮುಂದೆ ನೆಲದ ಮೇಲೆ ಎರಡು ತುದಿಗೆ ಸರಿಯಾಗಿ ಎರಡು ಗುರುತು ಇಟ್ಟು, ಗುರುತುಗಳ ನಡುವೆ ಟೇಪು ಹಿಡಿದರೆ ಅಳತೆ ಸರಿಯಾಗಿ ಬರುತ್ತದೆ. ಮಿರರ್ ಮಡಿಚಿದಾಗ ಎಷ್ಟು ಅಂತಲೂ ಬರೆದುಕೊಳ್ಳಿ. ಅಲ್ಲೇ ನಿಂತು ಇನ್ನೆರಡು ಅಳತೆ ತೆಗೆಯಿರಿ. ಡ್ರೈವರ್ ಬಾಗಿಲು ಮೊದಲ ಹಂತಕ್ಕೆ ತೆರೆದಾಗ ಬಾಡಿಯಿಂದ ಎಷ್ಟು ಹೊರಗೆ ಬರುತ್ತದೆ, ಡಿಕ್ಕಿಯ ಬಾಗಿಲು ಎತ್ತುವಾಗ ಹಿಂದಕ್ಕೆ ಎಷ್ಟು ಜಾಗ ತಿನ್ನುತ್ತದೆ. ಇವು ಯಾವ ಬ್ರೋಶರಿನಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ.

ಮುಂದೆ ಬಂಪರ್ ಗಾರ್ಡ್, ಹಿಂದೆ ಇನ್ನೊಂದು ಪೈಪು ಹಾಕಿಸುವ ಯೋಚನೆ ಇದ್ದರೆ ಉದ್ದದ ಲೆಕ್ಕ ಕೆಡುತ್ತದೆ. ಅಂಥ ಗಾರ್ಡುಗಳನ್ನು ಹಾಕಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ. ಹಾಗಾಗಿ ಆ ಲೆಕ್ಕ ಮಾಡುವ ಗೋಜೇ ಬೇಡ.

ಗೇಟು: ಎಲ್ಲರೂ ತಪ್ಪಾಗಿ ಅಳೆಯುವ ಜಾಗ

"ನಮ್ಮದು ಹತ್ತು ಅಡಿ ಗೇಟು" ಅಂದರೆ ಅದು ವೆಲ್ಡಿಂಗ್ ಅಂಗಡಿಯ ಬಿಲ್ಲಿನಲ್ಲಿರುವ ಹತ್ತು ಅಡಿ. ನಿಮಗೆ ಬೇಕಾದ್ದು ಕದ ಪೂರ್ತಿ ತೆಗೆದಾಗ ನಡುವೆ ಉಳಿಯುವ ಖಾಲಿ ಜಾಗ. ಎರಡೂ ಕದ ತೆಗೆದು, ಹಿಂಜಸ್ಸು, ಚಿಲಕ, ಕದದ ದಪ್ಪ ಎಲ್ಲ ಬಿಟ್ಟು, ಒಳಗಿನಿಂದ ಒಳಗಿಗೆ ಅಳೆಯಿರಿ. ನೆಲದ ಹತ್ತಿರ ಒಮ್ಮೆ, ಮಿರರಿನ ಎತ್ತರದಲ್ಲಿ, ಅಂದರೆ ನೆಲದಿಂದ ಸುಮಾರು ಮೂರೂವರೆ ಅಡಿ ಮೇಲೆ, ಇನ್ನೊಮ್ಮೆ. ಕಂಬಕ್ಕೆ ಗ್ರಾನೈಟ್ ಹಚ್ಚಿಸಿದ್ದರೆ, ಮೇಲೆ ಲೆಟರ್ ಬಾಕ್ಸೋ ಹೆಸರಿನ ಫಲಕವೋ ಚಾಚಿದ್ದರೆ, ಎರಡು ಅಳತೆ ಒಂದೇ ಇರುವುದಿಲ್ಲ. ಸಣ್ಣದು ಯಾವುದೋ ಅದೇ ನಿಮ್ಮ ಗೇಟು.

ಈಗ ಬಿದಿರನ್ನು ಮಿರರ್ ತುದಿಯಿಂದ ತುದಿಯ ಅಳತೆಗೆ ಸರಿಯಾಗಿ ಕತ್ತರಿಸಿ. ಇಬ್ಬರು ಎರಡು ತುದಿ ಹಿಡಿದು ರಸ್ತೆಯಿಂದ ಪೋರ್ಚಿನ ಕೊನೆವರೆಗೆ ಅಡ್ಡಡ್ಡ ಹಿಡಿದು ನಡೆದು ಬನ್ನಿ. ಓಣಿಯವರು ನಗುತ್ತಾರೆ, ನಿಜ. ಆದರೆ ನಲ್ಲಿ ಪೈಪು, ಮೀಟರ್ ಬಾಕ್ಸು, ತುಳಸಿಕಟ್ಟೆಯ ಮೂಲೆ, ಮೆಟ್ಟಿಲಿನ ಕೊನೆಯ ಕಲ್ಲು, ಎಲ್ಲ ಆ ಕೋಲಿಗೆ ತಾವಾಗಿಯೇ ತಗಲುತ್ತವೆ. ಟೇಪಿನಲ್ಲಿ ಇವು ಕಾಣುವುದಿಲ್ಲ. ಕೋಲಿನ ಎರಡೂ ಕಡೆ ಕನಿಷ್ಠ ಮೂರು ಮೂರು ಇಂಚು ಗಾಳಿ ಇರಬೇಕು. ಮನೆಯಲ್ಲಿ ಹೊಸದಾಗಿ ಡ್ರೈವಿಂಗ್ ಕಲಿತವರಿದ್ದರೆ ಆರಾರು ಇಂಚು.

ಗೇಟಿನ ಕದ ಒಳಗೆ ತೆರೆಯುತ್ತದೋ ಪಕ್ಕಕ್ಕೆ ಸರಿಯುತ್ತದೋ ಅನ್ನುವುದು ಅಗಲಕ್ಕಿಂತ ದೊಡ್ಡ ವಿಷಯ. ಹತ್ತು ಅಡಿ ಗೇಟಿಗೆ ಐದೈದು ಅಡಿಯ ಎರಡು ಕದ ಅಂದುಕೊಳ್ಳಿ. ಆರು ಅಡಿ ಅಗಲದ ಗಾಡಿ ನಟ್ಟನಡುವೆ ನಿಂತಿದೆ. ಕದ ಮುಚ್ಚುವಾಗ ಅದರ ತುದಿ ಕಮಾನಿನಂತೆ ಸುತ್ತಿ ಬರುತ್ತದೆ. ಹಾಗೆ ಸುತ್ತಿ ಬರಲು ಬಂಪರಿಗೂ ಗೇಟಿಗೂ ನಡುವೆ ಹತ್ತಿರ ಹತ್ತಿರ ನಾಲ್ಕೂವರೆ ಅಡಿ ಖಾಲಿ ಬೇಕು. ಪೋರ್ಚು 16 ಅಡಿ ಇದ್ದು ಗಾಡಿ ಕ್ರೆಟಾ ಆದರೆ ನಿಮ್ಮ ಹತ್ತಿರ ಉಳಿಯುವುದು ಒಂದು ಅಡಿ ಒಂಬತ್ತು ಇಂಚು ಮಾತ್ರ. ಗಾಡಿ ಒಳಗಿದೆ, ಗೇಟು ಮುಚ್ಚುವುದಿಲ್ಲ! ಊರಲ್ಲಿ ಅರ್ಧ ತೆರೆದ ಗೇಟಿಗೆ ಸರಪಳಿ ಬಿಗಿದ ಮನೆಗಳು ಕಾಣುತ್ತವಲ್ಲ, ಅವುಗಳಲ್ಲಿ ಎಷ್ಟೋ ಮನೆಗಳ ಕಥೆ ಇದೇ. ಕದವನ್ನು ರಸ್ತೆಗೆ ತೆರೆಯುವ ಹಾಗೆ ತಿರುಗಿಸುವುದು ಸರಿಯಲ್ಲ, ಹೋಗಿ ಬರುವವರಿಗೆ ಬಡಿಯುತ್ತದೆ. ಪಕ್ಕದಲ್ಲಿ ಕಾಂಪೌಂಡ್ ಗೋಡೆ ಉದ್ದ ಇದ್ದರೆ ಸ್ಲೈಡಿಂಗ್ ಗೇಟು, ಇಲ್ಲದಿದ್ದರೆ ಮೂರು ನಾಲ್ಕು ತುಂಡಾಗಿ ಮಡಿಚುವ ಗೇಟು. ಇದರ ಖರ್ಚನ್ನು ಗಾಡಿಯ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ.

ರಸ್ತೆಯಿಂದ ತಿರುವು

ಟರ್ನಿಂಗ್ ರೇಡಿಯಸ್ ಸ್ವಿಫ್ಟಿಗೆ 4.8 ಮೀಟರ್, ಇನ್ನೋವಾ ಕ್ರಿಸ್ಟಾಗೆ 5.4. ಕ್ರಿಸ್ಟಾ ಪೂರ್ತಿ ಒಂದು ಸುತ್ತು ಹೊಡೆಯಬೇಕಾದರೆ ಸುಮಾರು 35 ಅಡಿ ಅಗಲದ ಜಾಗ ಬೇಕು. ಗೇಟಿಗೆ ತಿರುಗುವುದು ಕಾಲು ಸುತ್ತು, ಹಾಗಾಗಿ ಅಷ್ಟು ಬೇಡ. ಪಾರ್ಕಿಂಗ್ ಪ್ಲಾನ್ ಮಾಡುವವರು ಗಾಡಿ ನೇರ ಮೂಲೆಯಲ್ಲಿ ತಿರುಗಿ ನಿಲ್ಲಲು ಎದುರಿಗೆ ಸುಮಾರು 6 ಮೀಟರ್, ಅಂದರೆ 20 ಅಡಿ ದಾರಿ ಬಿಡುತ್ತಾರೆ. ನಿಮ್ಮ ರಸ್ತೆ 20 ಅಡಿ ಅಂತ ಖರೀದಿ ಪತ್ರದಲ್ಲಿ ಇರಬಹುದು. ಎರಡೂ ಕಡೆಯ ಗಟಾರ, ಕರೆಂಟ್ ಕಂಬ, ಎದುರು ಮನೆಯವರ ರ‍್ಯಾಂಪು, ರಾತ್ರಿ ನಿಲ್ಲುವ ಎರಡು ಬೈಕು, ಒಂದು ಆಟೊ ಎಲ್ಲ ಕಳೆದರೆ ಎಷ್ಟು ಉಳಿಯಿತು? ಆ ಅಂಕಿಯನ್ನೇ ಹಿಡಿಯಿರಿ. ರಾತ್ರಿ ಒಂಬತ್ತರ ಮೇಲೆ ಹೋಗಿ ಅಳೆಯಿರಿ, ಬೆಳಿಗ್ಗೆ ಹನ್ನೊಂದಕ್ಕಲ್ಲ.

ಗಾಡಿ ಮುಂದಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಸ್ಟೇರಿಂಗ್ ಪೂರ್ತಿ ಮುರಿದಾಗ ಒಳಬದಿಯಲ್ಲಿ ಈ ವ್ಯತ್ಯಾಸ ಸುಮಾರು ಮೂರು ಅಡಿ ಇರುತ್ತದೆ. ಅದಕ್ಕೇ ಮುಂಭಾಗ ಗೇಟು ದಾಟಿ ಆರಾಮಾಗಿ ಹೋದ ಮೇಲೆ ಹಿಂದಿನ ಬಾಗಿಲು ಕಂಬಕ್ಕೆ ಉಜ್ಜುವುದು. ಬಿಗಿಯಾದ ಗೇಟಿಗೆ ರಿವರ್ಸಿನಲ್ಲಿ ಹೋಗುವುದೇ ಒಳ್ಳೆಯದು. ಹಿಂದಿನ ಚಕ್ರ ಮೊದಲು ಗೇಟಿನೊಳಗೆ ಸರಿಯಾಗಿ ಕೂರುತ್ತದೆ, ಮುಂಭಾಗ ರಸ್ತೆಯ ಮೇಲೆ ಬೇಕಾದ ಹಾಗೆ ತಿರುಗುತ್ತದೆ. ಬೆಳಿಗ್ಗೆ ಹೊರಡುವಾಗ ರಸ್ತೆಯೂ ಕಣ್ಣಿಗೆ ಕಾಣುತ್ತದೆ. ಆದರೆ ರಿವರ್ಸ್ ಹಾಕಿದರೆ ಡ್ರೈವರ್ ಬಾಗಿಲು ಆಚೆ ಪಕ್ಕದ ಗೋಡೆಯ ಕಡೆಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಇದರ ಲೆಕ್ಕ ಮುಂದೆ ಬರುತ್ತದೆ.

ಅನುಮಾನ ಇದ್ದರೆ ಕಾಗದದ ಲೆಕ್ಕ ಬಿಡಿ. ಯಾವುದಾದರೂ ಖಾಲಿ ಮೈದಾನಕ್ಕೆ ಹೋಗಿ. ನಿಮ್ಮ ಗೇಟಿನ ಅಳತೆಗೆ ಎರಡು ಇಟ್ಟಿಗೆ, ರಸ್ತೆಯ ಆಚೆ ಅಂಚಿಗೆ ಒಂದು ಸಾಲು ರಂಗೋಲಿ ಪುಡಿ. ಅದೇ ಮಾಡೆಲ್ ಗಾಡಿ ಇರುವ ಗೆಳೆಯರನ್ನು ಕರೆದು ಒಳಗೆ ಹಾಕಿಸಿ ನೋಡಿ. ಇಟ್ಟಿಗೆಗೆ ಬಡಿದರೆ ಯಾರಿಗೂ ನಷ್ಟ ಇಲ್ಲ.

ರ‍್ಯಾಂಪು, ಗಟಾರ, ಫರ್ಸಿ ಕಲ್ಲು

ನಮ್ಮ ಕಡೆ ಇದನ್ನು ಯಾರೂ ಅಳೆಯುವುದಿಲ್ಲ. ಗಾಡಿ ಪೋರ್ಚಿನಲ್ಲಿ ಹಿಡಿಯುತ್ತದೆ, ಗೇಟಿನಲ್ಲೂ ಹಿಡಿಯುತ್ತದೆ, ಹೊಟ್ಟೆ ಮಾತ್ರ ರ‍್ಯಾಂಪಿನ ತುದಿಗೆ ತಗಲಿ 'ಕರ್‍ರ್' ಅನ್ನುತ್ತದೆ.

ಲೆಕ್ಕ ಸುಲಭ. ರ‍್ಯಾಂಪು ಎಷ್ಟು ಎತ್ತರ ಏರುತ್ತದೆ, ಅದಕ್ಕೆ ಎಷ್ಟು ಉದ್ದ ತೆಗೆದುಕೊಳ್ಳುತ್ತದೆ ಅಂತ ಅಳೆಯಿರಿ. ಎತ್ತರವನ್ನು ಉದ್ದದಿಂದ ಭಾಗಿಸಿ, ಗಾಡಿಯ ವೀಲ್‌ಬೇಸಿನಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಭಾಗಿಸಿ. ರ‍್ಯಾಂಪಿನ ತುದಿ ಚೂಪಾಗಿದ್ದರೆ ಗಾಡಿಯ ಹೊಟ್ಟೆ ಕೆಳಗೆ ಕನಿಷ್ಠ ಅಷ್ಟು ಜಾಗ ಬೇಕು. ಸ್ವಿಫ್ಟಿನ ವೀಲ್‌ಬೇಸ್ 2450 ಮಿ.ಮೀ. ನಾಲ್ಕು ಅಡಿ ಉದ್ದದಲ್ಲಿ ಒಂದು ಅಡಿ ಏರುವ ರ‍್ಯಾಂಪಾದರೆ ಸುಮಾರು 153 ಮಿ.ಮೀ. ಬೇಕಾಗುತ್ತದೆ. ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163. ಹತ್ತು ಮಿಲಿಮೀಟರ್ ಉಳಿಯಿತು ಅಂತ ಖುಷಿಪಡಬೇಡಿ. ಐದು ಜನ, ಡಿಕ್ಕಿಯಲ್ಲಿ ಊರಿಂದ ತಂದ ತೊಗರಿ ಚೀಲ ಸೇರಿದರೆ ಸ್ಪ್ರಿಂಗ್ ಕೂತು ಆ ಹತ್ತೂ ಹೋಗುತ್ತದೆ, ಮೇಲಿಂದ ಇನ್ನೂ ಹೋಗುತ್ತದೆ. ಅದೇ ಒಂದು ಅಡಿಗೆ ಆರು ಅಡಿ ಉದ್ದ ಕೊಟ್ಟರೆ ಬೇಕಾಗುವುದು ಬರೀ 102 ಮಿ.ಮೀ. ಉದ್ದ ಕೊಡಲು ಜಾಗ ಇಲ್ಲದಿದ್ದರೆ ತುದಿಯ ಚೂಪನ್ನು ಒಡೆದು ಗುಂಡಗೆ ಮಾಡಿಸಿ, ಅದೇ ಅರ್ಧ ಸಮಸ್ಯೆ ಕಳೆಯುತ್ತದೆ. ರ‍್ಯಾಂಪನ್ನು ರಸ್ತೆ ಮೇಲೆ ಚಾಚಿ ಉದ್ದ ಮಾಡುವುದು ಬೇಡ. ಗಟಾರ ರಿಪೇರಿಗೆ ಬಂದಾಗ ಪಾಲಿಕೆಯವರು ಮೊದಲು ಒಡೆಯುವುದು ಅದನ್ನೇ.

ಗಟಾರದ ಮೇಲೆ ಏನು ಹಾಸಿದೆ ಅಂತ ಬಗ್ಗಿ ನೋಡಿ. ಶಹಾಬಾದ್ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿನ ಫರ್ಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಸುಲಭಕ್ಕೆ ಸಿಗುತ್ತದೆ. ಹಾಗಾಗಿ ನೆಲಕ್ಕೂ ಅದೇ, ಕಟ್ಟೆಗೂ ಅದೇ, ಗಟಾರ ಮುಚ್ಚಲೂ ಅದೇ. ಕೆಳಗೆ ಗಟ್ಟಿ ನೆಲ ಇದ್ದಾಗ ಅದಕ್ಕೆ ಸಾಟಿ ಇಲ್ಲ. ಆದರೆ ಎರಡು ಅಂಚಿನ ಮೇಲೆ ಕೂರಿಸಿ ನಡುವೆ ಟೊಳ್ಳು ಬಿಟ್ಟರೆ ಅದು ಬಾಗುವ ಕಲ್ಲಲ್ಲ, ಭಾರ ಮೀರಿದ ದಿನ ಒಂದೇ ಏಟಿಗೆ ಎರಡು ತುಂಡು. ಇನ್ನೋವಾ ಕ್ರಿಸ್ಟಾ ಖಾಲಿ ಇದ್ದಾಗಲೇ ಹೆಚ್ಚುಕಡಿಮೆ 1.8 ಟನ್. ಒಂದೊಂದು ಚಕ್ರದ ಕೆಳಗೆ 450 ಕೆ.ಜಿ. ಮೇಸ್ತ್ರಿಯನ್ನು ಕೇಳಿದರೆ "ಏನೂ ಆಗಲ್ರಿ ಸರ್, ಲಾರಿ ಬಂದ್ರೂ ತಡೀತದ" ಅನ್ನುತ್ತಾರೆ. "ಹಾಗಾದ್ರೆ ಕಬ್ಬಿಣ ಎಷ್ಟು ಹಾಕೀರಿ?" ಅಂತ ತಿರುಗಿಸಿ ಕೇಳಿ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಸ್ಲ್ಯಾಬು ಇಲ್ಲದೆ ದೊಡ್ಡ ಗಾಡಿಯನ್ನು ಗಟಾರ ದಾಟಿಸಬೇಡಿ.

ಪೋರ್ಚಿನ ಕೆಳಗೆ ನೀರಿನ ಸಂಪು ಇದ್ದರೂ ಇದೇ ಪ್ರಶ್ನೆ. ಚಕ್ರ ಓಡುವ ದಾರಿ ಸಂಪಿನ ಮುಚ್ಚಳದ ಮೇಲೆ ಬರಲೇಬಾರದು. ಗಾಡಿ ನಿಂತ ಮೇಲೆ ಮುಚ್ಚಳ ತೆಗೆಯಲೂ ಆಗಬೇಕು. ಟ್ಯಾಂಕರ್ ಬಂದಾಗ ಪೈಪು ಇಳಿಸುವುದು ಎಲ್ಲಿಂದ ಅಂತ ಮೊದಲೇ ಯೋಚಿಸಿ.

ಪೋರ್ಚಿನ ಒಳಗೆ ರಂಗೋಲಿ

ಈಗ ಒಳಗೆ. ಗಾಡಿಯ ಉದ್ದ ಅಗಲಕ್ಕೆ ಸರಿಯಾಗಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಚೌಕ ಎಳೆಯಿರಿ. ಮಿರರ್ ಬರುವ ಜಾಗಕ್ಕೆ ಎರಡು ಕಿವಿ. ಎರಡು ದಿನ ಹಾಗೇ ಬಿಡಿ. ಮನೆಯವರೆಲ್ಲ ಆ ಚೌಕ ತುಳಿಯದೆ ಓಡಾಡಲಿ. ಹಾಲಿನವನು, ಗ್ಯಾಸ್ ಸಿಲಿಂಡರ್ ತರುವವನು, ಸ್ಕೂಟಿ ಒಳಗೆ ತಳ್ಳುವ ಮಗಳು. ಎಲ್ಲಿ ಇಕ್ಕಟ್ಟು ಅಂತ ಅವರೇ ಹೇಳುತ್ತಾರೆ.

ಒಂದು ಲೆಕ್ಕ ನೋಡೋಣ. ಪೋರ್ಚು 10 ಅಡಿ ಅಗಲ, ಗಾಡಿ ಕ್ರೆಟಾ. ಉಳಿಯುವುದು 4 ಅಡಿ ಒಂದೂವರೆ ಇಂಚು. ಸಮನಾಗಿ ಎರಡೂ ಕಡೆ ಹಂಚಿದರೆ ಎರಡೆರಡು ಅಡಿ. ತೆಳ್ಳಗಿದ್ದವರು ಇಳಿಯಬಹುದು, ಮಂಡಿ ನೋವಿನ ಹಿರಿಯರಿಗೆ ಆಗದು. ಹಾಗೆ ಹಂಚಬೇಡಿ. ಒಂದು ಗೋಡೆಗೆ ಮಿರರ್ ತಗಲದಷ್ಟು, ಅಂದರೆ 9 ಇಂಚು ಬಿಟ್ಟು ಒತ್ತಿ ನಿಲ್ಲಿಸಿ. ಇನ್ನೊಂದು ಕಡೆ 3 ಅಡಿ 4 ಇಂಚು ಸಿಗುತ್ತದೆ. ಆ ಕಡೆ ಮನೆಯ ಮೆಟ್ಟಿಲು ಇರಬೇಕು, ಡ್ರೈವರ್ ಬಾಗಿಲೂ ಇರಬೇಕು. ಎರಡೂ ಒಂದೇ ಕಡೆ ಬರಬೇಕಾದರೆ ಗಾಡಿ ಮುಂದಾಗಿ ಹೋಗಬೇಕೋ ರಿವರ್ಸಿನಲ್ಲಿ ಹೋಗಬೇಕೋ ಅನ್ನುವುದನ್ನು ಈ ಲೆಕ್ಕವೇ ತೀರ್ಮಾನಿಸುತ್ತದೆ. ತಿರುವು ಒಂದು ಹೇಳಿ ಮೆಟ್ಟಿಲು ಇನ್ನೊಂದು ಹೇಳಿದರೆ ನಾನಂತೂ ತಿರುವಿನ ಮಾತು ಕೇಳುತ್ತೇನೆ. ಉಳಿದವರನ್ನು ಗೇಟಿನ ಹೊರಗೇ ಇಳಿಸಿದರಾಯಿತು. ಅದೇ ಜಾಗದಲ್ಲಿ ಆಕ್ಟಿವಾ ಕೂಡ ನಿಲ್ಲಬೇಕು ಅಂದರೆ ಅದೊಂದೇ ಸುಮಾರು 2 ಅಡಿ 3 ಇಂಚು ಅಗಲ. ಗಾಡಿಯ ಪಕ್ಕ ಅಲ್ಲ, ಮುಂದೆಯೋ ಹಿಂದೆಯೋ ಜಾಗ ಹುಡುಕಿ.

ಮತ್ತೆ ಕೂಲರ್. ಚಳಿಗಾಲದಲ್ಲಿ ಅಳೆಯುವವರು ಇದನ್ನು ಮರೆಯುತ್ತಾರೆ. ನಮ್ಮೂರಲ್ಲಿ ಮಾರ್ಚ್ ಬಂತೆಂದರೆ ಅಟ್ಟದಿಂದ ಕೂಲರ್ ಇಳಿಯುತ್ತದೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹತ್ತಿ ಕಿಟಕಿಗೆ ಅಂಟಿ ಕೂರುತ್ತದೆ, ಮಳೆ ಹಿಡಿಯುವವರೆಗೆ ಅಲ್ಲಿಂದ ಅಲ್ಲಾಡುವುದಿಲ್ಲ. ಆ ಕಿಟಕಿ ಎಷ್ಟೋ ಮನೆಗಳಲ್ಲಿ ಪೋರ್ಚಿಗೇ ತೆರೆಯುತ್ತದೆ. ಕೂಲರ್, ಸ್ಟ್ಯಾಂಡು, ನೀರು ತುಂಬುವ ಪೈಪು ಎಲ್ಲ ಸೇರಿ ಎರಡು ಅಡಿಗೂ ಜಾಸ್ತಿ ಹೊರಗೆ ಬರುತ್ತದೆ. ನಲವತ್ತು ಡಿಗ್ರಿ ದಾಟಿದ ಏಪ್ರಿಲ್‌ನಲ್ಲಿ ಮನೆಯವರು ಕೂಲರ್ ತೆಗೆದು ಗಾಡಿಗೆ ಜಾಗ ಕೊಡುತ್ತಾರೆ ಅನ್ನುವ ಆಸೆ ಬೇಡ. ಸ್ಟ್ಯಾಂಡು ಈಗಲೇ ಇಟ್ಟು, ಅದನ್ನೂ ಸೇರಿಸಿ ಅಳೆಯಿರಿ.

ಎತ್ತರದ ತೊಂದರೆ ಸಾಮಾನ್ಯ ಪೋರ್ಚಿನಲ್ಲಿ ಬರುವುದಿಲ್ಲ. ಸ್ಕಾರ್ಪಿಯೊ-ಎನ್ ಕೂಡ 6 ಅಡಿ 1 ಇಂಚು ಅಷ್ಟೇ. ತಗಡಿನ ಶೆಡ್ಡು, ಹಳೇ ಮನೆಯ ಕಮಾನು ಬಾಗಿಲು ಇದ್ದರೆ ಮಾತ್ರ ಅಳೆಯಿರಿ. ಕಮಾನಿನಲ್ಲಿ ನಡುವಿನ ಎತ್ತರ ಲೆಕ್ಕಕ್ಕಿಲ್ಲ, ಗಾಡಿಯ ಟಾಪಿನ ಅಂಚು ಬರುವ ಕಡೆಯ ಎತ್ತರ ನೋಡಿ. ಡಿಕ್ಕಿಯ ಬಾಗಿಲು ಎತ್ತಿದಾಗ ಮೇಲಿನ ಪೈಪಿಗೋ ಫ್ಯಾನಿಗೋ ತಗಲದಿರಲಿ.

ಅಪಾರ್ಟ್‌ಮೆಂಟಿನವರಿಗೆ

ನಿಮ್ಮ ಹೆಸರಿಗೆ ಕೊಟ್ಟ ಜಾಗ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಅಥವಾ ಐದೂವರೆ ಮೀಟರ್ ಉದ್ದ ಇರುತ್ತದೆ. ಅಲ್ಲಿ ಸ್ಕಾರ್ಪಿಯೊ-ಎನ್ ನಿಲ್ಲಿಸಿದರೆ ಎರಡೂ ಕಡೆ ಸೇರಿ ಉಳಿಯುವುದು 58 ಸೆಂ.ಮೀ. ಪಕ್ಕದವರೂ ದೊಡ್ಡ ಗಾಡಿ ತಂದ ದಿನ ಕಿಟಕಿಯಿಂದ ಇಳಿಯಬೇಕಾಗುತ್ತದೆ. ಪಿಲ್ಲರ್ ಗೆರೆಯ ಒಳಗಿದೆಯೋ ಹೊರಗಿದೆಯೋ, ಮತ್ತು ಅದು ಬಾಗಿಲಿನ ಎದುರಿಗೆ ಬರುತ್ತದೋ ಬಾನೆಟ್ಟಿನ ಪಕ್ಕ ಬರುತ್ತದೋ ನೋಡಿ. ಬಾನೆಟ್ಟಿನ ಪಕ್ಕ ಬಂದರೆ ಅಷ್ಟು ತೊಂದರೆ ಇಲ್ಲ.

ಕೊನೆಗೆ, ಗಾಡಿಯನ್ನೇ ಮನೆಗೆ ಕರೆಸಿ

ಎಲ್ಲ ಲೆಕ್ಕ ಸರಿ ಬಂದರೂ ದುಡ್ಡು ಕಟ್ಟುವ ಮೊದಲು ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಗೇ ತರಲು ಹೇಳಿ. ಹೆಚ್ಚಿನ ಶೋರೂಮಿನವರು ತರುತ್ತಾರೆ. ಕತ್ತಲಾದ ಮೇಲೆ, ಎದುರು ಮನೆಯವರ ಗಾಡಿಯೂ ನಿಂತಿರುವ ಹೊತ್ತಿಗೆ ಬರಲಿ. ಶೋರೂಮಿನ ಡ್ರೈವರ್ ಒಂದೇ ಸಲಕ್ಕೆ ಒಳಗೆ ಹಾಕಿಬಿಡುತ್ತಾನೆ, ಅವನ ಕೆಲಸವೇ ಅದು. ಅದನ್ನು ನೋಡಿ ಸಮಾಧಾನ ಆಗಬೇಡಿ. ನೀವು ಹಾಕಿ, ಮನೆಯಲ್ಲಿ ಗಾಡಿ ಓಡಿಸುವ ಇನ್ನೊಬ್ಬರೂ ಹಾಕಲಿ. ಐದು ಜನ ಕೂತುಕೊಂಡು ರ‍್ಯಾಂಪು ಹತ್ತಿಸಿ. ಗೇಟು ಮುಚ್ಚಿ. ನಾಲ್ಕೂ ಬಾಗಿಲು ತೆಗೆಯಿರಿ, ಡಿಕ್ಕಿ ಎತ್ತಿ. ಮೂರಕ್ಕಿಂತ ಹೆಚ್ಚು ಸಲ ಹಿಂದೆ ಮುಂದೆ ಮಾಡಬೇಕಾಗಿ ಬಂದರೆ ನನ್ನ ಪ್ರಕಾರ ಅದು ಹಿಡಿಯುವ ಗಾಡಿಯಲ್ಲ. ಮೊದಲ ತಿಂಗಳು ಹುಮ್ಮಸ್ಸಿನಲ್ಲಿ ಮಾಡುತ್ತೀರಿ, ಆಮೇಲೆ ಗಾಡಿ ರಸ್ತೆ ಮೇಲೇ ನಿಲ್ಲುತ್ತದೆ.

ಒಂದೆರಡು ಇಂಚು ಸಾಲದೆ ಬಂದರೆ ಯಾವುದನ್ನು ಸರಿಸಬಹುದು, ಯಾವುದನ್ನು ಸರಿಸಲು ಆಗದು ಅಂತ ಬೇರೆ ಮಾಡಿ. ಗೇಟು, ಮೀಟರ್ ಬಾಕ್ಸು, ಹೂಕುಂಡ, ರ‍್ಯಾಂಪಿನ ತುದಿ ಇವೆಲ್ಲ ಕೈಗೆ ಸಿಗುವ ಕೆಲಸ. ಮನೆಯ ಭಾರ ಹೊತ್ತ ಪಿಲ್ಲರನ್ನು ಕೆತ್ತಿ ಜಾಗ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಅವರನ್ನು ಅಲ್ಲಿಂದಲೇ ಕಳಿಸಿ. ಆಗ ಗಾಡಿಯ ಮಾಡೆಲ್ ಬದಲಿಸುವುದೇ ಅಗ್ಗ.

ಗಾಡಿ ಮನೆಗೆ ಬಂದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಗೇಟು ಸರಿಯಾಗಿ ಮುಚ್ಚುವ ಹಾಗೆ, ಬಾಗಿಲು ತೆರೆಯುವ ಹಾಗೆ ನಿಲ್ಲಿಸಿ, ಹಿಂದಿನ ಚಕ್ರದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿಗೆ ರಬ್ಬರಿನ ವೀಲ್ ಸ್ಟಾಪರ್ ಬೋಲ್ಟ್ ಹಾಕಿಸಿ. ಫರ್ಸಿ ನೆಲವಾದರೆ ಕಲ್ಲಿನ ಅಂಚಿನಿಂದ ಒಂದು ಗೇಣು ಒಳಗೆ ರಂಧ್ರ ಕೊರೆಸಬೇಕು, ಅಂಚಿನಲ್ಲಿ ಕೊರೆದರೆ ಚಕ್ಕೆ ಏಳುತ್ತದೆ. ಪಕ್ಕದ ಗೋಡೆಗೆ, ಬಾಗಿಲಿನ ಅಂಚು ಬಡಿಯುವ ಎತ್ತರದಲ್ಲಿ, ಹಳೇ ಟ್ಯೂಬಿನ ಪಟ್ಟಿಯೊಂದು ಅಂಟಿಸಿದರೆ ಪೇಂಟ್ ಉಳಿಯುತ್ತದೆ.